ಇವರ ಗರಸಿನ ದಾರಿ

ಪಂಕ್ಚರ್ ಹಚ್ಚುವ ಸಲ್ಯೂಷನ್ನಿನ ವಾಸನೆ ನನಗೆ ಆಗಿಬರುವುದಿಲ್ಲ. ಮೂಗಿಗೆ ಬಡಿದರೆ ಸಾಕು, ಮೊದಲು ತಲೆ ನೋಯುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಮೊನ್ನೆ ಭಾನುವಾರ ಯಾದಗಿರಿಯ ನಮ್ಮ ಮನೆಯ ಪಡಸಾಲೆ ತುಂಬ ಅದೇ ವಾಸನೆ. ನನ್ನ ತಮ್ಮನ ಮಗ ಬಸು, ಕಾಲೇಜಿನಲ್ಲಿ ಪಾಠ ಹೇಳುವವನು, ನಾನು ಆಗಷ್ಟೇ ಒರೆಸಿದ್ದ ನೆಲದ ಮೇಲೆ ಹೊಸ ಸೈಕಲ್ಲನ್ನು ತಲೆಕೆಳಗು ಮಾಡಿ ನಿಲ್ಲಿಸಿಕೊಂಡು ಟ್ಯೂಬಿಗೆ ತೇಪೆ ಹಾಕುತ್ತಿದ್ದ.

"ಅತ್ತಿ, ಇದಕ್ಕ ಗ್ರಾವೆಲ್ ಬೈಕ್ ಅಂತಾರ" ಎಂದ. "ಡಾಂಬರ್ ರೋಡಿಗಲ್ಲ. ಗರಸು, ಮರಡಿ, ಗುಡ್ಡ, ಕಾಲುವಿ ದಂಡಿ, ಅಲ್ಲೆಲ್ಲಾ ಹೋಗಾಕ. ಈಗ ಇದರದಾ ಶೋಕಿ."

ಈಗ ಅಂತೆ. ಈ ಶೋಕಿಯಲ್ಲಿ ನನ್ನ ಅರ್ಧ ಆಯುಷ್ಯ ಸವೆದುಹೋಗಿದೆ. ಒಳಗೆ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ ಇವರಿಗೆ, ಅಂದರೆ ನಮ್ಮ ಮನೆಯವರಿಗೆ, ನಾನು ಹಾಲು ತನ್ನಿ ಎಂದು ಕೂಗಿದರೆ ಎಂದೂ ಕೇಳಿಸುವುದಿಲ್ಲ. ಗರಸು ಎಂಬ ಮಾತು ಮಾತ್ರ ಎರಡು ಗೋಡೆ ದಾಟಿ ಕೇಳಿಸಿತು. ಕೋಲು ಊರಿಕೊಂಡು ಎದ್ದು ಬಂದೇಬಿಟ್ಟರು.

ಬಸು ಪ್ರತಿ ಭಾನುವಾರ ನಮ್ಮಲ್ಲೇ ಊಟ ಮಾಡುತ್ತಾನೆ. ಅಪ್ಪ ನೋಡಿದ ಹೆಣ್ಣನ್ನು ಒಲ್ಲೆ ಎಂದು ಮನೆ ಬಿಟ್ಟು ಬಂದವನು, ದೀಪಾವಳಿಗೂ ಹೋಗಲಿಲ್ಲ. ತಮ್ಮ ಅವನಿಗೆ ಫೋನ್ ಮಾಡುವುದಿಲ್ಲ. ನನಗೆ ಮಾಡಿ "ಉಂಡಾನೇನು?" ಎಂದಷ್ಟೇ ಕೇಳಿ ಇಡುತ್ತಾನೆ. ಮಾತು ಬಿಡುವ ರೋಗ ನಮ್ಮ ಮನೆತನಕ್ಕೆ ಹಳೆಯದು. ಆ ರೋಗ ನನಗೂ ತಗುಲಿತ್ತು, ಅದನ್ನು ಹೇಳಬೇಕೆಂದರೆ ಇವರ ದಾರಿಯ ಪುರಾಣವನ್ನೂ ನೀವು ಸಹಿಸಿಕೊಳ್ಳಬೇಕು.

ಆಗ ನಾವಿಬ್ಬರೂ ಶಹಾಪುರದ ಹತ್ತಿರದ ಹಳ್ಳಿಯೊಂದರ ಸಾಲೆಯಲ್ಲಿ ಕಲಿಸುತ್ತಿದ್ದೆವು. ಕಾಲುವೆ ಬರುತ್ತಿದ್ದ ಕಾಲ. ಎಲ್ಲಿ ನೋಡಿದರೂ ಅಗೆದ ಮಣ್ಣಿನ ಗುಡ್ಡೆ, ದಂಡೆಯ ಮೇಲೆ ಹೊಸದಾಗಿ ಗರಸು ಹಾಸಿದ ದಾರಿ. ಊರವರಿಗೆ ಕಾಲುವೆ ಅಂದರೆ ಭತ್ತ. ಇವರಿಗೆ ಮಾತ್ರ ಕಾಲುವೆ ಅಂದರೆ ಸೈಕಲ್ ಓಡಿಸಲಿಕ್ಕೆಂದು ಸರಕಾರ ಮಾಡಿಸಿಕೊಟ್ಟ ದಾರಿ. "ಡಾಂಬರ್ ಮ್ಯಾಲೆ ಎಲ್ಲಾರೂ ಹೋಗ್ತಾರ, ಅದ್ರಾಗೇನದ?" ಎನ್ನುವರು. ನನಗೂ ಒಂದು ಲೇಡೀಸ್ ಸೈಕಲ್ ಕೊಡಿಸಿ, ಕಲಿಸಿ, ರಜೆಯ ದಿನ ಗುಡ್ಡ ಹತ್ತಿಸುವರು. ಸೀರೆ ಚೈನಿಗೆ ಸಿಕ್ಕಿಕೊಳ್ಳುತ್ತಿತ್ತು. ಗರಸಿನಲ್ಲಿ ಗಾಲಿ ಜಾರಿ ಅಂಗೈ ಸುಲಿಯುತ್ತಿತ್ತು. ದಾರಿ ಬಂಡೆಗೆ ಹೋಗಿ ಮುಗಿದಾಗ ಇವರು ಸೊಂಟದ ಮೇಲೆ ಕೈ ಇಟ್ಟುಕೊಂಡು, "ಹಾದಿ ಅಂದ್ರ ಎಲ್ಲ್ಯಾರ ಹೋಗೇ ಹೋಗ್ತದ" ಎನ್ನುತ್ತಿದ್ದರು. ಒಮ್ಮೆ ಕುರಿ ಕಾಯುವವನೊಬ್ಬ ನಮ್ಮನ್ನು ಕಂಡು ನಿಜವಾಗಿಯೂ ಮರುಗಿ ಕೇಳಿದ: "ಯಾಕ್ರಿ ಅಕ್ಕೋರ, ಆಕಳಾ ಏನಾರ ಕಳಕೊಂಡೀರೇನ್ರಿ?" ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎನ್ನುತ್ತಾರೆ. ಎಡವಟ್ಟನ ಹೆಂಡತಿಯ ಗತಿ ಏನೆಂದು ಯಾರೂ ಹೇಳಿಲ್ಲ.

ನನ್ನ ತವರು ಸುರಪುರದ ಕಡೆ. ಅವ್ವನ ತಮ್ಮನಿಗೇ ನನ್ನನ್ನು ಕೊಡುವುದೆಂದು ನಾನು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ನಾನು ಒಲ್ಲೆ ಎಂದು ಇವರನ್ನು ಮದುವೆಯಾದೆ. ಅಪ್ಪ ಮಾತು ಬಿಟ್ಟ. ಹಬ್ಬಕ್ಕೆ ಕರೆಯಲಿಲ್ಲ, ಹಾದಿಯಲ್ಲಿ ಕಂಡರೂ ಮುಖ ತಿರುಗಿಸಿದ. ಹೀಗೆ ವರ್ಷಗಳೇ ಹೋದ ಮೇಲೆ ಒಂದು ಎಳ್ಳಮವಾಸ್ಯೆಗೆ ತಮ್ಮನ ಕೈಲಿ ಹೇಳಿಕಳಿಸಿದ: "ಚರಗ ಚೆಲ್ಲೋದ್ರೊಳಗ ಹೊಲಕ್ಕ ಬಂದ್ರ ಬರ್ಲಿ. ಇಲ್ಲಾಂದ್ರ ಮತ್ತೆಂದೂ ಬರೋದು ಬ್ಯಾಡ." ನಮ್ಮ ಕಡೆ ಆ ದಿನ ಹೊಲದಲ್ಲೇ ಊಟ. ಮಾಡಿದ ಅಡಿಗೆಯನ್ನೆಲ್ಲ ಕಲಸಿ ಬುಟ್ಟಿಯಲ್ಲಿಟ್ಟುಕೊಂಡು ಬೆಳೆಯೊಳಗೆಲ್ಲ ಚೆಲ್ಲುತ್ತ ಬರುವುದೇ ಚರಗ. ಭೂತಾಯಿ ಉಂಡ ಮೇಲೆ ಮನೆಯವರ ಊಟ. ಅಪ್ಪ ಆಡಿದ ಮಾತನ್ನು ತಿರುಗಿಸುವವನಲ್ಲ, ಹೊತ್ತು ಮೀರಿದರೆ ತವರಿನ ಬಾಗಿಲು ಮುಚ್ಚಿದಂತೆಯೇ ಎಂದು ನನಗೆ ಗೊತ್ತಿತ್ತು.

"ಬಸ್ಸಿಗೆ ಹೋಗೂಣ್ರಿ" ಎಂದೆ. ಕೇಳಿದರೆ ತಾನೆ?

"ಬಸ್ಸು ಊರೆಲ್ಲಾ ಸುತ್ತತದ. ಹಳೇ ಬಂಡಿದಾರಿ ಗುಡ್ಡ ಇಳದು ಸೀದಾ ನಿಮ್ಮಪ್ಪನ ಹೊಲಕ್ಕಾ ಹೋಗ್ತದ."

"ನಡುವ ಕಾಲುವಿ ಅದ. ನೀರು ಬಿಟ್ಟಾರಂತ ಅನ್ನಾಕತ್ತಾರ."

"ಆ ಕಾಲುವಿಗೆ ನೀರು ನಮ್ಮ ಮೊಮ್ಮಕ್ಕಳ ಕಾಲಕ್ಕ ಬರ್ತದ. ಹೋದ ಬ್ಯಾಸಗ್ಯಾಗ ನಾನಾ ಸೈಕಲ್ ಹೊತ್ಕೊಂಡು ಇಳದು ಹತ್ತೀನಿ."

ನಸುಕಿನಲ್ಲೇ ಹೊರಟೆವು. ಗುಡ್ಡದ ನೆತ್ತಿಯಲ್ಲಿ ನೆಗ್ಗಿಲುಮುಳ್ಳು ಚುಚ್ಚಿ ನನ್ನ ಸೈಕಲ್ಲಿನ ಹವಾ ಹೋಯಿತು. ಇವರು ಬಂಡೆಯ ಮೇಲೆ ಕೂತು ಸಲ್ಯೂಷನ್ ಹಚ್ಚಿ, ಅದು ಒಣಗಲೆಂದು ಊದುತ್ತ, ಗಾಳಿ ಎಷ್ಟು ಚಂದ ಬೀಸುತ್ತಿದೆ ನೋಡು ಎಂದರು. ನಾನು ಬಿಸಿಲು ಏರುವುದನ್ನು ನೋಡುತ್ತಿದ್ದೆ. ಇಳಿಯುವಾಗ ಕೆಳಗೆ ಏನೋ ಹೊಳೆಯಿತು. ಅದೇನು ಎಂದು ಕೇಳಿದರೆ ಜೋಳದ ಎಲೆಯ ಮೇಲಿನ ಮಂಜು ಎಂದರು. ಬಿಸಿಲು ಅಷ್ಟು ಏರಿದ ಮೇಲೆ ಯಾವ ಮಂಜು, ನೀವೇ ಹೇಳಿ.

ಕಾಲುವೆ ದಂಡೆಗೆ ದಂಡೆ ತುಂಬಿ ಹರಿಯುತ್ತಿತ್ತು. ಆಚೆ ದಂಡೆಗೆ ಹತ್ತಿಕೊಂಡೇ ಅಪ್ಪನ ಹೊಲ. ಬನ್ನಿಗಿಡದ ಕೆಳಗೆ ಅವ್ವ, ತಮ್ಮ, ಬೀಗರು ಎಲ್ಲ ಕೂತಿದ್ದರು. ಸಜ್ಜೆ ರೊಟ್ಟಿ, ಭಜ್ಜಿ ಪಲ್ಯದ ವಾಸನೆ ನೀರು ದಾಟಿ ನಮ್ಮ ತನಕ ಬರುತ್ತಿತ್ತು, ನಮಗೆ ಮಾತ್ರ ಆ ಕಡೆ ಹೋಗುವ ದಾರಿ ಇರಲಿಲ್ಲ. ನಾನು ಹಣೆ ಬಡಿದುಕೊಂಡು ಅಲ್ಲೇ ಗರಸಿನ ಮೇಲೆ ಕೂತು ಅತ್ತೆ. ಇವರು ನನ್ನ ಪಕ್ಕ ನಿಂತು, "ಇದು ಮನ್ನಿ ಮನ್ನಿ ಬಿಟ್ಟ ನೀರು ಇರಬೇಕು" ಎಂದರು.

ಅಪ್ಪ ಎದ್ದು ದಂಡೆಗೆ ಬಂದ. ಆಮೇಲೆ ಬಾಯಿ ಬಿಟ್ಟ.

"ಏ ಮಾಸ್ತರ, ಸಾಲ್ಯಾಗ ಹುಡುಗರಿಗಿ ಏನ್ ಕಲಸ್ತಿಯಪಾ ನೀ? ಇಷ್ಟು ನೀರು ಕಣ್ಣಿಗಿ ಕಾಣಂಗಿಲ್ಲೇನು?"

"ಹೋದ ಬ್ಯಾಸಗ್ಯಾಗ ನೀರು ಇರಲಿಲ್ರಿ, ಮಾವಾರ."

"ಬ್ಯಾಸಗ್ಯಾಗ ಹೊಲದಾಗ ಜ್ವಾಳನೂ ಇರಲಿಲ್ಲ. ಮೂಡಲಕಡಿ ಬ್ರಿಜ್ ಅದ, ಇಬ್ರೂ ನಡೀರಿ."

ಹೊರಗಿನವರ ಜೊತೆ ‘ರಿ’ ಇಲ್ಲದೆ ಮಾತಾಡದ ಅಪ್ಪ ಇವರನ್ನು ಮನೆಮಗನಂತೆ ಬೈದದ್ದು ನನಗೆ ಆಗ ಹೊಳೆಯಲಿಲ್ಲ. ಸೇತುವೆ ಕಣ್ಣಳತೆಗೂ ಸಿಗದಷ್ಟು ದೂರವಿತ್ತು. ನನ್ನ ಸೈಕಲ್ಲಿನ ಹವಾ ಮತ್ತೆ ಹೋಗಿತ್ತು, ದಬ್ಬಿಕೊಂಡು ಹೊರಟೆವು. ಅಪ್ಪ ತಿರುಗಿ ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಆ ದಂಡೆಯ ಮೇಲೆ ನಮಗೆ ಸರಿಸಮನಾಗಿ ನಡೆಯತೊಡಗಿದ, ಬೈಯುತ್ತಲೇ.

"ನಿಮ್ಮವ್ವನ ಮುಖ ನೋಡಬೇಕಂತ ಒಂದು ದಿನನಾರ ಅನಿಸ್ತೇನು ನಿನಗ?"

"ನೀ ಕರದಿದ್ದೇನು?" ನಾನೂ ಕೂಗಿದೆ.

"ಹೊಟ್ಟ್ಯಾಗ ಹುಟ್ಟಿದ ಮಗಳನ್ನ ಕರೀಬೇಕೇನು?"

"ಹಾದ್ಯಾಗ ಕಂಡ್ರ ಮಾರಿ ತಿರುವಿದವ ಯಾರು?"

"ನಿನ್ನ ನೋಡಿದ್ರ ನನಗ ಅಳು ಬರ್ತಿತ್ತು. ಅದಕ್ಕ ತಿರುವೀನಿ."

ಈ ಕೊನೆಯ ಮಾತನ್ನೂ ಅವನು ಬೈಗಳಂತೆಯೇ ಕೂಗಿದ. ಎದುರುಬದುರು ಕೂತಿದ್ದರೆ ಅವನು ಇದನ್ನು ಸತ್ತರೂ ಹೇಳುತ್ತಿರಲಿಲ್ಲ, ನಾನು ತಲೆ ಬಗ್ಗಿಸಿ ರೊಟ್ಟಿ ತಿಂದು ಎದ್ದು ಬರುತ್ತಿದ್ದೆ. ನಡುವೆ ನೀರಿತ್ತು, ಅದರ ಸದ್ದು ಮೀರಿ ಕೂಗಬೇಕಿತ್ತು. ಕೂಗತೊಡಗಿದ ಮೇಲೆ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತು. ಇವರು ಹಿಂದೆ ಹಿಂದೆ ಬಾಯಿ ಮುಚ್ಚಿಕೊಂಡು ಬರುತ್ತಿದ್ದರು. ಅವರ ಜೀವಮಾನದಲ್ಲಿ ಅದೊಂದು ಶಾಣ್ಯಾತನ.

ಸೇತುವೆ ಬರುವಷ್ಟರಲ್ಲಿ ಬೈಗಳೆಲ್ಲ ಮುಗಿದಿದ್ದವು. ನಡುವೆ ಬಂದು ನಿಂತಾಗ ನೋಡಿದೆ, ಚರಗದ ಬುಟ್ಟಿ ಅಪ್ಪನ ಕಂಕುಳಲ್ಲೇ ಇತ್ತು. ಸಿಟ್ಟಿನ ಭರದಲ್ಲಿ ಅದನ್ನು ಹಿಡಿದುಕೊಂಡೇ ಬಂದುಬಿಟ್ಟಿದ್ದ. ಅಲ್ಲಿ ಬನ್ನಿಗಿಡದ ಕೆಳಗೆ ಬೀಗರೆಲ್ಲ ಹಸಿದು ಕೂತಿದ್ದರು, ಚರಗ ಚೆಲ್ಲದೆ ಯಾರೂ ತುತ್ತು ಎತ್ತುವ ಹಾಗಿರಲಿಲ್ಲ. ಅಪ್ಪ ನನ್ನ ಸೈಕಲ್ಲಿನ ಗಾಲಿಯನ್ನು ಹಿಚುಕಿ ನೋಡಿದ. "ಹವಾ ಇಲ್ಲ" ಎಂದ. "ಹಿಡಿ" ಎಂದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಸೈಕಲ್ಲನ್ನು ತಾನು ದಬ್ಬಿಕೊಂಡು ಮುಂದೆ ನಡೆದ.

ಅಪ್ಪ ಈಗಿಲ್ಲ, ಹೊಲ ತಮ್ಮನದು. ಇಷ್ಟನ್ನೂ ನೆನೆಯುವಷ್ಟರಲ್ಲಿ ಪಡಸಾಲೆಯಲ್ಲಿ ಜಗಳ ಹತ್ತಿತ್ತು. ಇವರು ಕೋಲಿನಿಂದ ನನ್ನ ನೆಲದ ಮೇಲೆ ನಕ್ಷೆ ಬರೆಯುತ್ತಿದ್ದರು. ಅದೇ ಗುಡ್ಡ, ಅದೇ ಬಂಡಿದಾರಿ.

"ಮಾವ, ಅಲ್ಲಿ ಕಾಲುವಿ ಅದ. ನೋಡ್ರಿಲ್ಲಿ, ಫೋನಿನ್ಯಾಗ ಬ್ರಿಜ್ ಮ್ಯಾಲಿಂದ ಹೋಗು ಅಂತ ತೋರಸಾಕತ್ತದ" ಎಂದ ಬಸು. ನನ್ನ ಕಡೆ ತಿರುಗಿ, "ನೀನಾ ಹೇಳು, ಅತ್ತಿ. ಗುಡ್ಡ ನೋಡಾಕಷ್ಟಾ ಹೊಂಟೀನಿ, ಹೊಲದಾಗ ಕಾಲಿಡಂಗಿಲ್ಲ ಮತ್ತ" ಎಂದ.

ಯಾರು ಕೇಳಿದ್ದರು ಇವನನ್ನು, ಹೊಲದಲ್ಲಿ ಕಾಲಿಡು ಎಂದು? ನಾನು ನೆಲಕ್ಕೆ ಅಂಟಿದ ಸಲ್ಯೂಷನ್ ಕೆರೆಯುತ್ತಿದ್ದವಳು ತಲೆ ಎತ್ತದೆ ಹೇಳಿದೆ: "ನಿಮ್ಮ ಮಾವ ಹೇಳಿದ ಹಾದ್ಯಾಗಾ ಹೋಗು. ಇವತ್ತಲ್ಲ, ಎಳ್ಳಮವಾಸಿ ದಿನ ಹೋಗು."

ಇವರ ಕೈಯಲ್ಲಿನ ಕೋಲು ನಿಂತಿತು. "ಏನಂದಿ?"

"ಕಿವಿ ಕೇಳಂಗಿಲ್ಲೇನು ನಿಮಗ?" ಎಂದು ರೇಗಿ, ಫೋನ್ ಎತ್ತಿಕೊಂಡು ಅಡಿಗೆಮನೆಗೆ ಹೋದೆ. ತಮ್ಮ ಎತ್ತಿದವನೇ ಎಂದಿನಂತೆ, "ಉಂಡಾನೇನು?" ಎಂದ.

"ಉಣ್ತಾನ, ಬಿಡು" ಎಂದೆ. "ಎಳ್ಳಮವಾಸಿ ದಿನ ಕಾಲುವಿ ದಂಡಿ ಮ್ಯಾಲೆ ನಿಂದರು. ಯಾಕ ಅಂತ ಕೇಳಬ್ಯಾಡ. ಚರಗದ ಬುಟ್ಟಿ ಮಾತ್ರ ಯಾರ ಕೈಯಾಗೂ ಕೊಡಬ್ಯಾಡ, ನೀನಾ ಹಿಡ್ಕೊಂಡಿರು."