ಅತ್ತೆ ಎತ್ತಿದ ಎಲೆ

ಹೊಸ ಪೈಸೆ ಬಂದಿದ್ದರೂ ಜನ ಇನ್ನೂ ಆಣೆಯಲ್ಲೇ ಮಾತಾಡುತ್ತಿದ್ದ ಕಾಲ. ಸೊರಬದಿಂದ ಶಿಕಾರಿಪುರಕ್ಕೆ ಸೊಸೆಯಾಗಿ ಬಂದ ನನ್ನ ಪೆಟ್ಟಿಗೆಯಲ್ಲಿ, ಸೀರೆಗಳ ಅಡಿಯಲ್ಲಿ, ಒಂದು ಕಟ್ಟು ಇಸ್ಪೀಟು ಎಲೆ ಇತ್ತು. ಅಣ್ಣ ಆಡಿ ಆಡಿ ಸವೆಸಿ ಬಿಸಾಕಿದ್ದು. ನಾನು ಅದನ್ನು ಆಟಕ್ಕೆಂದು ತಂದವಳಲ್ಲ. ಇವತ್ತು ಹುರುಳಿ ಸಾರು ಮಾಡಲೋ ಬೇಡವೋ, ತಲೆಗೆ ನೀರು ಹಾಕಿಕೊಳ್ಳಲೋ ಬೇಡವೋ, ಇಂಥದನ್ನೂ ಸ್ವಂತ ಬುದ್ಧಿಯಿಂದ ತೀರ್ಮಾನಿಸಲಾರದ ಹೆಂಗಸು ನಾನು. ಒಂದು ಎಲೆ ಎತ್ತಿ ನೋಡುತ್ತಿದ್ದೆ. ಕೆಂಪು ಬಂದರೆ ಸೈ, ಕಪ್ಪು ಬಂದರೆ ಬೇಡ.

ಮಾವ ಅದನ್ನು ಕಂಡ ದಿನ ಕೆಂಡವಾದರು. "ಮನಿ ಉದ್ಧಾರ ಆದಂಗೇ ಇನ್ನ!" ಎಂದು ಕೂಗಾಡಿದರು. ಸ್ವಲ್ಪ ದಿನಕ್ಕೆ ಅವರೇ ಹಿತ್ತಿಲಿಗೆ ಬಂದು, ಪಾತ್ರೆ ತಿಕ್ಕುತ್ತಿದ್ದ ನನ್ನ ಬೆನ್ನ ಹಿಂದೆ ನಿಂತು ಕೆಮ್ಮಿದರು. ಶಿರಾಳಕೊಪ್ಪದ ಸಂತೆಗೆ ಎತ್ತು ಹೊಡೆದುಕೊಂಡು ಹೋಗಬೇಕೋ ಬೇಡವೋ, ಒಂದು ಎಲೆ ನೋಡಬೇಕಿತ್ತಂತೆ. ಕಪ್ಪು ಬಂತು, ಹೋಗಲಿಲ್ಲ. ಅವತ್ತು ಮಳೆ ಹೊಡೆದು ಸಂತೆಯೆಲ್ಲ ಕೆಸರಾಯಿತು. ನನ್ನ ತಲೆ ತಿರುಗಲು ಅಷ್ಟು ಸಾಕಾಯಿತು.

ಅಕ್ಕಪಕ್ಕದ ಹೆಂಗಸರೂ ಬರತೊಡಗಿದರು. ನಾನು ಗಂಭೀರವಾಗಿ ಕೂತು ನಿಯಮ ಮಾಡಿದೆ. ಪ್ರಶ್ನೆಯನ್ನು ಬಾಯಿಬಿಟ್ಟು ಹೇಳಬಾರದು, ಮನಸ್ಸಿನಲ್ಲೇ ನೆನೆಸಿಕೊಂಡು ಎಲೆ ಎತ್ತಬೇಕು. ಒಮ್ಮೆ ಎತ್ತಿದರೆ ಮುಗಿಯಿತು, ಎರಡನೆಯ ಸಲ ಇಲ್ಲ. ಇದು ಶಾಸ್ತ್ರ ಎನ್ನುತ್ತಿದ್ದೆ. ಅಸಲು ಸಂಗತಿ ಬೇರೆ. ಪ್ರಶ್ನೆಯೇ ಗೊತ್ತಿಲ್ಲದಿದ್ದರೆ, ಏನಾದರೂ ಎಡವಟ್ಟಾದಾಗ ನನ್ನನ್ನು ಬಯ್ಯಲು ಬರುವುದಿಲ್ಲವಲ್ಲ!

ಆ ಬೇಸಿಗೆಯಲ್ಲಿ ನನಗೆ ಶಿವಮೊಗ್ಗದಲ್ಲಿ ಟೀಚರ್ ಟ್ರೈನಿಂಗಿಗೆ ಸೀಟು ಸಿಕ್ಕಿತು. ಮಿಡ್ಲ್ ಸ್ಕೂಲು ಪಾಸಾದಾಗಿನಿಂದ ನಾನು ಆಸೆಪಟ್ಟಿದ್ದು ಅದೊಂದಕ್ಕೇ. ಗಂಡನನ್ನು ಕೇಳಿದರೆ "ಅಪ್ಪ ಹ್ಞೂಂ ಅಂದ್ರೆ ನಂದೇನೂ ಇಲ್ಲ" ಎಂದು ಜಾರಿಕೊಂಡರು. ಮಾವ ಯೋಚಿಸಿ ಯೋಚಿಸಿ ಕೊನೆಗೆ ಹೇಳಿದರು:

"ಎಲಿ ಏನ್ ಹೇಳ್ತದೋ ಹಂಗೇ ಆಗ್ಲಿ. ಆದ್ರೆ ನೀ ಎತ್ತದು ಬ್ಯಾಡ, ನಿಮ್ಮತ್ತಿ ಎತ್ಲಿ."

ನನಗೆ ಒಳಗೊಳಗೇ ಖುಷಿ. ಬೆಳಿಗ್ಗೆ ಗುಟ್ಟಾಗಿ ನೋಡಿದಾಗ ಕೆಂಪು ಬಂದಿತ್ತು. ಆ ಧೈರ್ಯದ ಮೇಲೆ ಪೆಟ್ಟಿಗೆಗೆ ಸೀರೆಗಳನ್ನೂ ಜೋಡಿಸಿಬಿಟ್ಟಿದ್ದೆ.

ಅತ್ತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು ಕೂತರು. ಕಣ್ಣು ಮುಚ್ಚಿದರು. ಎಲೆ ಎತ್ತಿ ಮಗುಚಿದರು. ಕಳಾವರ್ ಗುಲಾಮ, ಕಡುಗಪ್ಪು.

"ಇನ್ನೊಂದ್ಸಲ..." ಎಂದೆ.

"ಎತ್ತಿದ ಮ್ಯಾಲೆ ಮುಗೀತು ಅಂತ ನೀನೇ ಅಲ್ಲೇನು ಹೇಳಿದ್ದು?" ಎನ್ನುತ್ತ ಮಾವ ಏಳಲು ಹೊರಟರು.

ನನ್ನ ಶಾಸ್ತ್ರ ನನ್ನ ಕುತ್ತಿಗೆಗೇ ಬಂದಿತ್ತು. ಟೀಚರಾಗುವ ಆಸೆ ಅಲ್ಲಿಗೆ ಮುಗಿಯಿತೆಂದು ದುಃಖ ಒತ್ತರಿಸಿ ಬಂತು, ಎಲ್ಲರ ಎದುರೇ ಅತ್ತುಬಿಟ್ಟೆ.

"ಕುಂದರ್ರೀ" ಎಂದರು ಅತ್ತೆ. "ನಾ ಏನ್ ನೆನಸ್ಕಂಡಿದ್ದೆ ಅಂತ ಗೊತ್ತೈತೇನ್ ನಿಮಗೆ? ಈಕೀನ ಮನ್ಯಾಗೇ ಇಟ್ಕಳಾನಾ ಅಂತ ಕೇಳಿದ್ದೆ. ಎಲಿ ಬ್ಯಾಡ ಅಂತು."

ಮಾವ ಗುಲಾಮನ ಮುಖ ನೋಡಿದರು, ಅತ್ತೆಯ ಮುಖ ನೋಡಿದರು. ಸಂತೆಯ ಮಳೆ ನೆನಪಾಗಿರಬೇಕು. ಎಲೆಯ ಮಾತು ಮೀರುವ ಧೈರ್ಯ ಅವರಿಗಿರಲಿಲ್ಲ.

ಶಿವಮೊಗ್ಗದ ಬಸ್ಸು ಹತ್ತಿಸಲು ಅತ್ತೆಯೇ ಬಂದರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಅವತ್ತು ಕೆಂಪು ಬಂದಿದ್ರೆ ಏನ್ ಮಾಡ್ತಿದ್ರಿ?"

"ಮಾಡದೇನೈತಿ? ಕಳಿಸಾನಾ ಅಂತ ಕೇಳಿದ್ದೆ ಅಂತಿದ್ದೆ."

ಹುರುಳಿ ಸಾರಿಗೂ ಎಲೆ ನೋಡುತ್ತಿದ್ದ ನಾನು ಬಾಯಿ ತೆರೆದುಕೊಂಡು ನಿಂತೆ. ಕಂಡಕ್ಟರು ಕೂಗುತ್ತಿದ್ದ. ಅತ್ತೆ ನನ್ನ ಮುಂದೆ ಕೈ ಚಾಚಿದರು.

"ಆ ಎಲಿ ಕಟ್ಟು ಕೊಟ್ಟು ಹೋಗು. ನಿಮ್ಮ ಮಾವನ್ನ ಇಟ್ಕಂಡು ನಾ ಇನ್ನೂ ಬಾಳ ವರ್ಷ ಸಂಸಾರ ಮಾಡ್ಬೇಕು."