ಜಗಳೂರಿನ ಒಂದನೇ ಕ್ಲಾಸಿನಲ್ಲಿ ಕಂಪ್ಯೂಟರ್ ಆದವರು

"ನಮ್ಮ ಶಾಲೆಯಲ್ಲಿ ಈಗ ಕಂಪ್ಯೂಟರ್ ಉಂಟು" ಎಂದೆ. ಇಡೀ ಒಂದನೇ ತರಗತಿ ಬಿದ್ದು ಬಿದ್ದು ನಕ್ಕಿತು. ಅವರಿಗೆ ನಗು ಬಂದದ್ದು ಕಂಪ್ಯೂಟರ್ ಎಂಬ ಮಾತಿಗಲ್ಲ, ಉಂಟು ಎಂಬ ಮಾತಿಗೆ. ಮುಂದಿನ ಸಾಲಿನಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತು, "ಟೀಚರ್, ಐತೆ ಅನ್ಬೇಕು" ಎಂದು ತಿದ್ದಿದಳು. ಕನ್ನಡವೇ ಗೊತ್ತಿಲ್ಲದ ದೇಶಕ್ಕೆ ಬಂದು ಬಿದ್ದೆನೇನೋ ಅನ್ನಿಸಿ ನನ್ನ ಕಿವಿ ಬಿಸಿಯಾಯಿತು. ತಿದ್ದಿದವಳ ಹೆಸರು ಸುಜಾತ.

ಕಾರ್ಕಳದ ಹತ್ತಿರದ ನಮ್ಮ ಹಳ್ಳಿಯಿಂದ ಜಗಳೂರಿಗೆ ಬರಲು ನಾನು ಮೂರು ಬಸ್ಸು ಬದಲಾಯಿಸಿದ್ದೆ. ಉಡುಪಿಯಲ್ಲಿ ಕೆಲವು ತಿಂಗಳು ಕಂಪ್ಯೂಟರ್ ಕಲಿತಿದ್ದೆನೆಂಬ ಒಂದೇ ಕಾರಣಕ್ಕೆ, ಇಲ್ಲಿ ಹೊಸದಾಗಿ ಶುರುವಾದ ಖಾಸಗಿ ಶಾಲೆಯೊಂದು ನನ್ನನ್ನು ಕರೆಸಿಕೊಂಡಿತ್ತು. ಊರಲ್ಲಿ ನಮಗೆ ಎತ್ತ ನೋಡಿದರೂ ಮರ, ಮರದ ಹಿಂದೆ ಗುಡ್ಡ. ಇಲ್ಲಿ ಬಸ್ಸಿಳಿದಾಗ ಆಕಾಶ ಎಲ್ಲ ಕಡೆಯಿಂದಲೂ ನೆಲದವರೆಗೆ ಇಳಿದಿತ್ತು. ಮರೆಯಾಗಿ ನಿಲ್ಲಲು ಜಾಗವೇ ಇಲ್ಲವೆಂದು ದಿಗಿಲಾಯಿತು.

ಸೇಂಗಾ ವ್ಯಾಪಾರದ ಮನೆಯೊಂದರಲ್ಲಿ ಬಾಡಿಗೆಗೆ ಕೋಣೆ ಸಿಕ್ಕಿತು. ಮನೆಯೊಡತಿ ಗೌರಮ್ಮ ಮೊದಲ ದಿನ ತಾವೇ ಕೂರಿಸಿಕೊಂಡು ಮುದ್ದೆ ಬಡಿಸಿದರು. ನಾನು ಅನ್ನದ ಹಾಗೆ ಅಗಿಯುತ್ತಾ ಕೂತೆ. ಬಾಯೆಲ್ಲ ಅಂಟಂಟು. "ಅಗೀಬಾರ್ದವ್ವ, ಸಾರಿನಾಗೆ ಅದ್ದಿ ನುಂಗ್ಬೇಕು" ಎಂದು ಅವರು ತುತ್ತು ಮುರಿದು ತೋರಿಸಿದರು. ಅವರದು ಲಿಂಗ ಕಟ್ಟಿದ ಮನೆ. ಮೀನಿನ ಮಾತನ್ನು ನಾನು ಎತ್ತಲೇ ಇಲ್ಲ. ಕುಚ್ಚಲಕ್ಕಿ ಗಂಜಿ, ಒಣಮೀನಿನ ಚಟ್ನಿ ನೆನೆದು ಎಷ್ಟೋ ಸಂಜೆ ಸುಮ್ಮನೆ ಕಿಟಕಿಯ ಹತ್ತಿರ ಕೂತಿರುತ್ತಿದ್ದೆ.

ಶಾಲೆಯ ಕಂಪ್ಯೂಟರು ಹೆಡ್‌ಮಾಸ್ಟರ ಕೋಣೆಯಲ್ಲಿ, ಟೀವಿಗೆ ಜೋಡಿಸಿ, ಮೇಲೊಂದು ಹೂವಿನ ಬಟ್ಟೆ ಹೊದಿಸಿಕೊಂಡು ಕೂತಿತ್ತು. ಕರೆಂಟು ಇದ್ದಾಗ ವೋಲ್ಟೇಜು ಇರುತ್ತಿರಲಿಲ್ಲ. ವೋಲ್ಟೇಜು ಇದ್ದಾಗ ದೊಡ್ಡ ತರಗತಿಯವರು ಮುತ್ತಿಕೊಳ್ಳುತ್ತಿದ್ದರು. ಆದರೆ ದಾವಣಗೆರೆಯಲ್ಲಿ ಯಾರದೋ ಭಾಷಣ ಕೇಳಿ ಬಂದಿದ್ದ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು, "ಸಣ್ಣೋರಿಂದಲೇ ಶುರು ಮಾಡ್ರಿ ಟೀಚರ್, ಎಳೇ ತಲೆಗೆ ಬೇಗ ಹತ್ತುತೈತೆ" ಎಂದು ಹಟ ಹಿಡಿದಿದ್ದರು. ಇನ್ನೂ ಅಆಇಈ ತಿದ್ದುತ್ತಿದ್ದ ಮಕ್ಕಳಿಗೆ ಯಂತ್ರವಿಲ್ಲದೆ ಯಂತ್ರದ ಪಾಠ ಮಾಡುವುದು ಹೇಗೆ?

ಅಂಗಳದಲ್ಲಿ ಸೀಮೆಸುಣ್ಣದಿಂದ ಚೌಕಗಳನ್ನು ಬರೆದೆ. ಒಂದು ಮಗು ಕಂಪ್ಯೂಟರ್. ಉಳಿದವರು ಅದಕ್ಕೆ ಅಪ್ಪಣೆ ಕೊಡಬೇಕು: ಮುಂದೆ ಹೋಗು, ಎಡಕ್ಕೆ ತಿರುಗು, ನಿಲ್ಲು. ಹೇಳಿದ್ದನ್ನಷ್ಟೇ ಅದು ಮಾಡಬೇಕು, ಹೇಳದಿದ್ದರೆ ಕದಲಬಾರದು. ಕಂಪ್ಯೂಟರಿಗೆ ಸ್ವಂತ ಬುದ್ಧಿಯಿಲ್ಲ, ನಾವು ಸರಿಯಾಗಿ, ಸರಿಯಾದ ಕ್ರಮದಲ್ಲಿ ಹೇಳಬೇಕು ಎಂಬುದೇ ಪಾಠ. ಇದನ್ನು ನನಗೆ ಯಾರೂ ಕಲಿಸಿರಲಿಲ್ಲ, ನಾನೇ ಕಟ್ಟಿಕೊಂಡದ್ದು. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಕಂಪ್ಯೂಟರ್ ಆಗುವವಳು ಸುಜಾತಳೇ. ಅವಳಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಒಮ್ಮೆ ಒಬ್ಬ, "ಸ್ಲೇಟಿನ ಮ್ಯಾಲೆ ಅ ಬರಿ" ಎಂದ. ಅವಳು ಬರಿಯ ಬೆರಳನ್ನು ಸ್ಲೇಟಿನ ಮೇಲೆ ಆಡಿಸಿ ನಿಂತಳು. "ಬಳಪ ತಗೋ ಅಂತ ಯಾರೂ ಹೇಳಿಲ್ಲ ಟೀಚರ್" ಎಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅಪ್ಪಣೆ ಕೊಡಲು ಎಲ್ಲರೂ ಕಿತ್ತಾಡುತ್ತಿದ್ದರು. ಕಂಪ್ಯೂಟರ್ ಆಗಲು ಮಾತ್ರ ಯಾರೂ ಮುಂದೆ ಬರುತ್ತಿರಲಿಲ್ಲ. "ಸುಜಾತ ಆಗ್ಲಿ ಬಿಡ್ರಿ" ಎನ್ನುತ್ತಿದ್ದರು. ಅವಳ ಜಾಣತನಕ್ಕೆ ಮಕ್ಕಳು ಕೊಟ್ಟ ಮರ್ಯಾದೆ ಇದು ಎಂದುಕೊಂಡಿದ್ದೆ.

ಪೋಷಕರನ್ನು ಕರೆದು ಮಕ್ಕಳ ಕಲಿಕೆ ತೋರಿಸಬೇಕೆಂದು ಅಧ್ಯಕ್ಷರು ಹೇಳಿದರು. ಆ ದಿನ ನಾನು ಸುಜಾತಳ ಎದೆಗೆ ಬೆಳ್ಳಿ ಕಾಗದದ ರಟ್ಟು ಕಟ್ಟಿದೆ. ಬಂದವರೆಲ್ಲ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಜಗಲಿಯ ಮೇಲೆ ಕೂತರು. ಕೊನೆಯ ಚೌಕದಲ್ಲಿದ್ದ ಚೆಂಡನ್ನು ಎತ್ತಿ ಬುಟ್ಟಿಗೆ ಹಾಕಿಸಬೇಕಿತ್ತು. ಅಪ್ಪಣೆ ಕೊಡುವ ಸರದಿ ಅಧ್ಯಕ್ಷರ ಮೊಮ್ಮಗನದು. "ಮುಂದೆ ಹೋಗು. ನಿಲ್ಲು" ಎಂದವನು, ಎಡಕ್ಕೆ ತಿರುಗಿಸುವ ಬದಲು ಬಲಕ್ಕೆ ತಿರುಗಿಸಿದ. ಸುಜಾತ ಮೆಟ್ಟಿಲ ಹತ್ತಿರ ಬಂದಳು. "ಬಗ್ಗು. ಅಜ್ಜನ ಚಪ್ಪಲಿ ಎತ್ತು. ಅಜ್ಜನ ಮುಂದೆ ಇಡು."

ಅವಳು ಬಗ್ಗಿ ಎರಡೂ ಕೈಯಲ್ಲಿ ಚಪ್ಪಲಿ ಎತ್ತಿಕೊಂಡಳು. ಜಗಲಿಯ ಮೇಲೆ ಕೆಲವರು ನಕ್ಕರು. ಹುಡುಗ ತಾನಾಗಿಯೇ ಹೊಸ ಪ್ರೋಗ್ರಾಮು ಕಟ್ಟಿದನಲ್ಲ ಎಂದು ನಾನು ಚಪ್ಪಾಳೆ ತಟ್ಟಿದೆ. ತಟ್ಟಿದವಳು ನಾನೊಬ್ಬಳೇ ಎಂಬುದು ಸ್ವಲ್ಪ ತಡವಾಗಿ ತಿಳಿಯಿತು.

ಹಿಂದಿನ ಸಾಲಿನಿಂದ ಹೆಂಗಸೊಬ್ಬರು ಎದ್ದು ಬಂದರು. ಮಗುವಿನ ಕೈಯಿಂದ ಚಪ್ಪಲಿ ಬಿಡಿಸಿ ಕೆಳಗಿಟ್ಟರು. ಎದೆಯ ಮೇಲಿನ ರಟ್ಟಿನ ದಾರ ಬಿಚ್ಚಿದರು. "ನಡಿ ಸುಜಾತ" ಎಂದಷ್ಟೇ ಹೇಳಿ ಕರೆದುಕೊಂಡು ಹೋದರು. ಅವರು ಅವಳ ತಾಯಿ ರತ್ನಮ್ಮ. ಹತ್ತಿರದ ಸೊಕ್ಕೆ ಎಂಬ ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಅವರೂ ಟೀಚರು.

ಸಂಜೆ ಗೌರಮ್ಮನವರಿಗೆ ನಡೆದದ್ದನ್ನು ಹೇಳಿದೆ. ಅವರು ಸೇಂಗಾ ಸುಲಿಯುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು. "ಅವ್ರು ಯಾರು ಅಂತ ನಿಂಗೆ ಗೊತ್ತಿಲ್ವೇನವ್ವ? ಆ ಹುಡ್ರಿಗೆಲ್ಲ ಗೊತ್ತೈತೆ" ಎಂದು ತಗ್ಗಿದ ದನಿಯಲ್ಲಿ ಊರಿನ ಯಾವ ಕೇರಿಯವರೆಂದು ಹೇಳಿದರು. ಆರು ವರ್ಷದ ಮಕ್ಕಳಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಅಪ್ಪಣೆ ಕೇಳಿ ನಡೆಯುವುದು ಆ ಕೇರಿಯವರ ಪಾಲಿನದು ಎಂದೇ ಬೇರೆ ಯಾರೂ ಕಂಪ್ಯೂಟರ್ ಆಗಲು ಒಪ್ಪುತ್ತಿರಲಿಲ್ಲ.

ಸುಜಾತ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಎರಡು ದಿನ ಕಾದು, ಮೂರನೆಯ ದಿನ ನಾನೇ ಅವರ ಮನೆ ಹುಡುಕಿಕೊಂಡು ಹೋದೆ. ಗೋಡೆಯ ಮೇಲೆ ಬುದ್ಧನ ಪಟ, ಕಪಾಟಿನ ತುಂಬ ಪುಸ್ತಕ. ರತ್ನಮ್ಮ ಚಾಪೆ ಹಾಸಿ, "ಕುಂತ್ಕೊಳ್ರಿ" ಎಂದರು. ಮಗಳು ಒಳಬಾಗಿಲಿನಿಂದ ಇಣುಕಿ ಮರೆಯಾದಳು.

"ನನಗೆ ಗೊತ್ತಿರಲಿಲ್ಲ" ಎಂದೆ. "ಅವಳಷ್ಟು ಚೆನ್ನಾಗಿ ಹೇಳಿದ್ದನ್ನು ಕೇಳುವವರು ಬೇರೆ ಯಾರೂ ಇಲ್ಲ, ಅದಕ್ಕೆ..."

"ನಮ್ಮವ್ವ, ನಮ್ಮಪ್ಪನೂ ಹೇಳಿದ್ದು ಚೆನ್ನಾಗಿ ಕೇಳ್ತಿದ್ರು" ಎಂದರು ರತ್ನಮ್ಮ. "ಅದನ್ನ ಬಿಡಿಸಾಕೇ ನಾವು ಇವಳನ್ನ ಸ್ಕೂಲಿಗೆ ಕಳಿಸೋದು."

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಆಮೇಲೆ ಅವರು ಕೇಳಿದರು, "ನಿಮ್ಮೂರಾಗೆ ಹೆಂಗೆ? ಇದೆಲ್ಲ ಇಲ್ವಾ?"

"ನಮ್ಮಲ್ಲಿ ಹಾಗೆಲ್ಲ ಇಲ್ಲ" ಎಂದೆ. ಸುಳ್ಳು ಹೇಳುತ್ತಿದ್ದೇನೆ ಎಂದು ಆಗ ನನಗೆ ಅನ್ನಿಸಲಿಲ್ಲ. ಅವರು "ಹೌದಾ" ಎಂದರು.

ಮರುದಿನದಿಂದ ಆ ತರಗತಿಗೆ ನಾನೇ ಕಂಪ್ಯೂಟರ್ ಆದೆ. ಅಂಗಳದ ನಡುವೆ ನಿಂತು ಮಕ್ಕಳು ಹೇಳಿದತ್ತ ನಡೆದೆ, ತಿರುಗಿದೆ, ಬೇವಿನ ಮರಕ್ಕೆ ಡಿಕ್ಕಿ ಹೊಡೆದೆ. ಅಧ್ಯಕ್ಷರು ಕರೆಸಿ, "ಏನ್ರಿ ಇದು, ಹುಡುಗ್ರು ಟೀಚರಿಗೆ ಆರ್ಡರ್ ಮಾಡೋದಾ? ಮರ್ಯಾದಿ ಉಳೀತೈತಾ?" ಎಂದರು. "ಕಂಪ್ಯೂಟರಿಗೆ ಮರ್ಯಾದೆ ಇಲ್ಲ ಸಾರ್. ನಾಳೆಯಿಂದ ಎಲ್ಲ ಮಕ್ಕಳಿಗೂ ಸರದಿ ಬರುತ್ತದೆ, ನಿಮ್ಮ ಮೊಮ್ಮಗನಿಗೂ" ಎಂದೆ. ಕೆಲಸ ಹೋಯಿತೆಂದೇ ತಿಳಿದು ಕೋಣೆಗೆ ಬಂದು ಪೆಟ್ಟಿಗೆ ಜೋಡಿಸಿಕೊಂಡೆ. ಆದರೆ ಅವರು ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಯಂತ್ರ ತಿಳಿದ ಇನ್ನೊಬ್ಬರು ಸಿಗುವುದು ಕಷ್ಟವೆಂದು ಸುಮ್ಮನಾದರೇನೋ.

ಮರುವಾರ ಸುಜಾತ ಬಂದಳು. ಅಪ್ಪಣೆ ಕೊಡುವ ಜಾಗದಲ್ಲಿ ಅವಳನ್ನು ನಿಲ್ಲಿಸಿ, ಅವತ್ತಿನ ಸರದಿ ಬದಿಗಿಟ್ಟು ನಾನೇ ಚೌಕದೊಳಗೆ ಹೋದೆ. "ಹೇಳೇ" ಎಂದು ಹಿಂದಿನಿಂದ ಮಕ್ಕಳು ತಿವಿದರು. ಕೊನೆಗೆ, "ಮುಂದೆ ಹೋಗ್ರಿ" ಎಂದಳು. ಹೋದೆ. "ನಿಲ್ರಿ" ಎಂದಳು. ನಿಂತೆ. ಮುಂದಿನ ಮಾತು ಬರಲಿಲ್ಲ. ಬಿಸಿಲು ನೆತ್ತಿ ಸುಡುತ್ತಿತ್ತು. ಅವಳು ನನ್ನನ್ನು ನೋಡುತ್ತಾ ನಿಂತಿದ್ದಳು, ಗಂಟೆ ಹೊಡೆಯುವವರೆಗೆ. ಪಾಠದ ನಿಯಮದಂತೆ ನಾನು ಕದಲಲಿಲ್ಲ.

ಬೇಸಿಗೆ ರಜೆಗೆ ಊರಿಗೆ ಬಂದೆ. ಬೆಳಿಗ್ಗೆ ಅಮ್ಮ ಹಿತ್ತಿಲ ಕೆಲಸದ ಚೋಮುವಿಗೆ ಚಾ ಕೊಡಲು ಹೇಳಿದರು. ಹಿತ್ತಿಲ ಗೋಡೆಯ ಸಂದಿಯಲ್ಲಿ ಅವನ ಗೆರಟೆ, ಅದೇ ತೆಂಗಿನ ಚಿಪ್ಪು, ನಾನು ಹುಟ್ಟಿದಾಗಿನಿಂದ ನೋಡಿದ್ದು, ಎಂದಿನ ಹಾಗೇ ಸಿಕ್ಕಿಸಿತ್ತು. ಎಷ್ಟು ಸಲ ಅದಕ್ಕೆ ಚಾ ಹೊಯ್ದಿದ್ದೇನೋ. ನಾನು ಒಳಗಿಂದ ಸ್ಟೀಲಿನ ಲೋಟ ತಂದು ಅವನ ಮುಂದೆ ಹಿಡಿದೆ. ಚೋಮು ಗಾಬರಿಯಾಗಿ ಎರಡು ಹೆಜ್ಜೆ ಹಿಂದೆ ಸರಿದು, ಗೆರಟೆ ತೆಗೆದು ನನ್ನ ಮುಂದೆ ಒಡ್ಡಿದ. ಬಾಗಿಲಲ್ಲಿ ನಿಂತಿದ್ದ ಅಮ್ಮ, "ಅಲ್ಲಿ ಹೋಗಿ ಕಲಿತದ್ದು ಇದೇಯಾ?" ಎಂದು ತುಳುವಿನಲ್ಲಿ ಕೇಳಿದರು. ನಾನು ಗೆರಟೆಗೇ ಹೊಯ್ದೆ. ಅರ್ಧ ಚಾ ನೆಲದ ಪಾಲಾಯಿತು.

ರಜೆ ಮುಗಿಸಿ ಬಂದವಳು ಮೊದಲು ಹೋದದ್ದು ರತ್ನಮ್ಮನವರ ಮನೆಗೆ. "ಅವತ್ತು ನಮ್ಮೂರಿನ ಬಗ್ಗೆ ನಾನು ಹೇಳಿದ್ದು ಸುಳ್ಳು" ಎಂದೆ.

ಅವರು ಬಟ್ಟೆ ಮಡಿಸುತ್ತಿದ್ದರು. "ಅವತ್ತೇ ಗೊತ್ತಾತು ಬಿಡ್ರಿ. ಒಳಗೆ ಬರ್ರಿ" ಎಂದರು.

ಇದನ್ನು ಓದುವ ನಮ್ಮೂರಿನವರಲ್ಲಿ ಅಮ್ಮನೂ ಇರುತ್ತಾರೆ, ಬೇಸರಪಟ್ಟುಕೊಳ್ಳುತ್ತಾರೆ. ಹೊರಗೆ ಹೋಗಿ ಮನೆಯ ಮಾತು ಬರೆದಳು ಎನ್ನುತ್ತಾರೆ. ಇಲ್ಲಿ ಜಗಳೂರಿನಲ್ಲಿ ನಾನು ಇನ್ನೂ ಘಟ್ಟದ ಕೆಳಗಿನ ಟೀಚರು. ಅಲ್ಲಿ ಈಗಾಗಲೇ ಘಟ್ಟದ ಮೇಲಿನವಳು. ಬಸ್ಸು ಘಟ್ಟ ಹತ್ತುವಾಗಲೂ ಇಳಿಯುವಾಗಲೂ ಈಚೆಗೆ ನನಗೆ ನಿದ್ದೆ ಬರುವುದಿಲ್ಲ. ಊರು ಹತ್ತಿರವಾಯಿತು ಎಂದು ಕಂಡಕ್ಟರ್ ಕೂಗಿದಾಗ, ಯಾವ ಕಡೆಗೆ ಹೋಗುತ್ತಿದ್ದರೂ, ಮುಖ ತಗ್ಗಿಸಿಕೊಂಡೇ ಇಳಿಯುತ್ತೇನೆ.