ಸೂಜಿಮೊನೆಯಷ್ಟು ತೂತು

ಹಿಂಗಾರಿ ಬಿತ್ತನೆಯ ಹೊತ್ತಿಗೇ ನಮ್ಮ ಟ್ರ್ಯಾಕ್ಟರ್ ಕೆಟ್ಟಿತು. ಮೂರು ಸಿಲಿಂಡರಿನ ಹಳೇ ಗಾಡಿ, ಮಾವ ಕೊಂಡದ್ದು. ಅವರು ತೀರಿಕೊಂಡ ಮೇಲೆ ಅದನ್ನು ಓಡಿಸುವುದೂ ರಿಪೇರಿ ಮಾಡುವುದೂ ನನ್ನ ಪಾಲಿಗೆ ಬಂದಿತ್ತು. ಗಂಡ ಲಾರಿ ಡ್ರೈವರ್. ಮನೆಯಲ್ಲಿರುವುದಕ್ಕಿಂತ ಪುಣೆಯ ದಾರಿಯಲ್ಲಿ ಇರುವುದೇ ಹೆಚ್ಚು. ಮಾವ ಇದ್ದಾಗ ಅವರ ಪಕ್ಕ ನಿಂತು ನಟ್ಟು ಬಿಚ್ಚುವ ಪಾನಾ ಕೊಡುತ್ತ ಕೊಡುತ್ತಲೇ ನಾನು ಕೆಲಸ ಕಲಿತಿದ್ದೆ. ಸಂಪಗಾಂವದ ನಮ್ಮ ಓಣಿಯಲ್ಲಿ ನಗುವವರು ನಕ್ಕು ಸುಮ್ಮನಾಗಿದ್ದರು.

ಅವತ್ತು ಬೆಳಿಗ್ಗೆ ಹಿತ್ತಲಲ್ಲಿ ಚಾಲೂ ಮಾಡಿದರೆ ಗಾಡಿ ಇಡಿಯಾಗಿ ನಡುಗುತ್ತಿತ್ತು, ಬಿಳಿ ಹೊಗೆ ಬಿಡುತ್ತಿತ್ತು. ಒಂದು ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಯಾವುದು ಅಂತ ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಡೀಸೆಲ್ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಬೇಕು. ಒಳ್ಳೆಯ ಸಿಲಿಂಡರಿನದಾದರೆ ಸದ್ದು ಕುಗ್ಗುತ್ತದೆ, ಕೆಟ್ಟದ್ದರದಾದರೆ ಏನೂ ಬದಲಾಗುವುದಿಲ್ಲ. ನಡುವಿನ ನಟ್ಟು ಸಡಿಲಿಸಿದಾಗ ಏನೂ ಬದಲಾಗಲಿಲ್ಲ.

ಎಂಜಿನ್ ಬಂದ್ ಮಾಡಿ ಆ ಸಿಲಿಂಡರಿನ ನಾಜಲ್ ಬಿಚ್ಚಿದೆ. ಡೀಸೆಲ್ ಚಿಮ್ಮಿಸುವುದು ಅದೇ. ಅದನ್ನು ಹೊರಗಡೆಯೇ ಪೈಪಿಗೆ ಜೋಡಿಸಿ, ಗಾಡಿ ಚಾಲೂ ಆಗದಂತೆ ಉಳಿದೆರಡು ನಟ್ಟು ಸಡಿಲ ಬಿಟ್ಟು, ಗಂಡನ ತಾಯಿ ಅತ್ತಿಯನ್ನು ಕರೆದೆ. ಅವರು ಸೀರೆ ಸಾವರಿಸಿಕೊಂಡು ಸೀಟು ಹತ್ತಿ ಕುಳಿತು, ನಾನು ಹೇಳಿದಂತೆ ಚಾವಿ ತಿರುವಿ ಹಿಡಿದರು. ನಾಜಲ್ಲಿನ ತುದಿಯಿಂದ ಡೀಸೆಲ್ ಮಂಜಿನ ಹಾಗೆ ಹಾರಬೇಕು. ಇದು ಹನಿ ಹನಿ ಸೋರುತ್ತಿತ್ತು. ಅಲ್ಲಿ ನಿಂತ ಹನಿಯನ್ನು ಒರೆಸಲು ಎಡಗೈಯ ತೋರುಬೆರಳು ಚಾಚಿದೆ. ಅದೇ ಗಳಿಗೆಗೆ ಒಳಗೆ ಸಿಕ್ಕಿಕೊಂಡಿದ್ದದ್ದೇನೋ ಬಿಟ್ಟು ಡೀಸೆಲ್ ರಭಸದಿಂದ ಚಿಮ್ಮಿತು.

ಸೂಜಿ ಚುಚ್ಚಿದ ಹಾಗಾಯಿತು, ಅಷ್ಟೇ. ರಕ್ತ ಬರಲಿಲ್ಲ. ಸಾಕು ಬಿಡ್ರಿ ಅಂತ ಅತ್ತಿಯವರಿಗೆ ಹೇಳಿ, ಕೈ ಒರೆಸಿಕೊಂಡು ನಟ್ಟು ಬಿಗಿಯತೊಡಗಿದೆ. ಸ್ವಲ್ಪ ಹೊತ್ತಿಗೆ ಬೆರಳು ಜೋಮು ಹಿಡಿಯಿತು. ಆಮೇಲೆ ಅತ್ತಿ ಚಹಾ ತಂದುಕೊಟ್ಟಾಗ ಕಪ್ಪು-ಬಸಿ ಹಿಡಿಯಲು ಆಗಲಿಲ್ಲ. ಬೆರಳು ಸುಣ್ಣ ಬಳಿದಂತೆ ಬೆಳ್ಳಗಾಗಿ, ತಣ್ಣಗೆ, ಸೆಟೆದು ನಿಂತಿತ್ತು. ಬಗ್ಗಿಸಲು ನೋಡಿದೆ. ನನ್ನ ಬೆರಳು ನನ್ನ ಮಾತು ಕೇಳಲಿಲ್ಲ.

ಅತ್ತಿ ಅರಿಷಿಣ ತರಲು ಎದ್ದವರು ನನ್ನ ಮುಖ ನೋಡಿ ಬೀದಿಗೆ ಓಡಿದರು. ಅಲ್ಲಿದ್ದ ಟಂಟಂ ಆಟೋ ಹತ್ತಿ ಬೈಲಹೊಂಗಲಕ್ಕೆ ಹೊರಟೆವು. ದಾರಿಯುದ್ದಕ್ಕೂ ನಾನು ಕೈಯನ್ನೇ ನೋಡುತ್ತಿದ್ದೆ. ಬಾವು ಬೆರಳಿನಿಂದ ಅಂಗೈಗೆ ಇಳಿಯುತ್ತಿತ್ತು, ನೋವು ಈಗ ಎದ್ದು ಮೊಣಕೈವರೆಗೆ ಮಿಡಿಯುತ್ತಿತ್ತು.

ಆಸ್ಪತ್ರೆಯ ಡಾಕ್ಟರಮ್ಮ ಗಾಯ ಎಲ್ಲಿದೆ ಅಂತ ಮೊದಲು ಹುಡುಕಬೇಕಾಯಿತು. ಹೇಗಾಯಿತೆಂದು ನಾನು ಹೇಳಿದ ಕೂಡಲೇ ಅವರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು.

"ಡೀಸೆಲ್ ಒಳಗ ಹೊಕ್ಕೈತಿ. ಹೊರಗ ಇಷ್ಟ ಕಾಣತೈತಿ, ಒಳಗ ಎಲ್ಲಿತನಕ ಹೋಗೈತಿ ಅನ್ನೂದು ಕೊಯ್ದ ನೋಡಬೇಕು. ಈಗಿಂದೀಗ ಬೆಳಗಾವಿಗೆ ಹೋಗ್ರಿ. ತಡಾ ಮಾಡಬ್ಯಾಡ್ರಿ."

ಕೊಯ್ಯುವುದು ಅಂದರೆ ಬೆರಳನ್ನೇ ತೆಗೆಯುವುದಾ ಅಂತ ಕೇಳಿದೆ. ಅವರು ಆಗಲೇ ಆಂಬುಲೆನ್ಸಿಗೆ ಫೋನ್ ಮಾಡಲು ಹೊರಟಿದ್ದರು.

ಕೈ ಮೇಲೆತ್ತಿ ಹಿಡಿಯಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಬೆಳಗಾವಿ ಮುಟ್ಟುವ ತನಕ ಅತ್ತಿ ನನ್ನ ಮೊಣಕೈಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೇ ಕುಳಿತಿದ್ದರು. ಫೋನಿನಲ್ಲಿ ಗಂಡ ಬರತೇನಿ, ಬರತೇನಿ ಅನ್ನುತ್ತಿದ್ದರು. ನನಗೆ ಏನೇನೋ ಯೋಚನೆ. ಒಂದೇ ಕೈಯಲ್ಲಿ ರೊಟ್ಟಿ ಹೇಗೆ ಬಡಿಯುವುದು, ಜಡೆ ಹೇಗೆ ಹಾಕಿಕೊಳ್ಳುವುದು. ಬಾವಿನ ಕೆಂಪು ಮಣಿಕಟ್ಟು ದಾಟಿತೇ ಅಂತ ಮತ್ತೆ ಮತ್ತೆ ನೋಡುವುದು.

ಆಪರೇಷನ್ ಕೋಣೆಯ ಬಾಗಿಲ ಹತ್ತಿರ ಅತ್ತಿ ಬಗ್ಗಿ, ಬೇರೆ ಯಾರಿಗೂ ಕೇಳದಂತೆ ಅಂದರು: "ಚಾವಿ ಬಿಡಾಕ ನಾ ತಡಾ ಮಾಡಿದ್ನೇನು, ಯವ್ವಾ?"

ಬೆರಳು ಚಾಚುವ ಮೊದಲು ನಾನು ಬಿಡ್ರಿ ಅಂದಿರಲೇ ಇಲ್ಲವಲ್ಲ ಅಂದೆ. ಅವರು ನಂಬಿದರೋ ಇಲ್ಲವೋ, ಅಷ್ಟರಲ್ಲಿ ನರ್ಸುಗಳು ನನ್ನನ್ನು ಒಳಗೆ ಕರೆದೊಯ್ದುಬಿಟ್ಟರು.

ಎಚ್ಚರಾದಾಗ ಎಡಗೈ ಪೂರಾ ಬ್ಯಾಂಡೇಜಿನ ದೊಡ್ಡ ಗಂಟು. ಅದರೊಳಗೆ ಎಷ್ಟು ಬೆರಳು ಉಳಿದಿವೆ ಅಂತ ತಿಳಿಯುವ ಹಾಗಿರಲಿಲ್ಲ. ಅತ್ತಿ ನನ್ನ ಕಣ್ಣು ಹೋದ ಕಡೆ ನೋಡಿ ಅಂದರು: "ಐತಿ. ಡಾಕ್ಟರನ್ನ ನಾ ಕೇಳೇನಿ." ಆಗ ಅಳು ಬಂತು, ಇಬ್ಬರಿಗೂ.

ಗಾಯವನ್ನು ಹೊಲಿಯದೆ ತೆರೆದಿಟ್ಟು ದಿನಾ ತೊಳೆಯುತ್ತಿದ್ದರು. ಮತ್ತೊಮ್ಮೆ ಆಪರೇಷನ್ ಆಯಿತು. ಬೆರಳು ಉಳಿಯಿತು, ಆದರೆ ಪೂರ್ತಿ ಮಡಚುವುದಿಲ್ಲ, ತುದಿಗೆ ಬಿಸಿ ತಂಪು ತಿಳಿಯುವುದಿಲ್ಲ. ನಮ್ಮ ಹೊಲವನ್ನು ಆ ವರ್ಷ ಮೈದುನ ತನ್ನ ಎತ್ತು ಹೂಡಿ ಬಿತ್ತಿದ. ಗಂಡ ಬಂದು ಹೊಸ ನಾಜಲ್ ಹಾಕಿಸಿದರು. ಹಿತ್ತಲಲ್ಲಿ ಅವರು ಗಾಡಿ ಚಾಲೂ ಮಾಡಿದಾಗ ಮೂರೂ ಸಿಲಿಂಡರ್ ಸರಿಯಾಗಿ ಹೊಡೆಯುತ್ತಿದ್ದವು. ಅಡುಗೆ ಮನೆಯಲ್ಲಿದ್ದ ನಾನು ಮಾತ್ರ ಕೆಲಸ ಬಿಟ್ಟು ಮೂಲೆಗೆ ಸರಿದೆ. ಅತ್ತಿ ಒಳಗೆ ಬಂದು ಹಿತ್ತಲ ಬಾಗಿಲು ಎಳೆದು ಮುಚ್ಚಿದರು.

ಕಡಲೆ ಕೀಳುವ ಹೊತ್ತಿಗೆ ಮತ್ತೆ ಗಾಡಿ ಹತ್ತಿದೆ. ಈಗ ಓಡಿಸುತ್ತೇನೆ, ಬಾನೆಟ್ ತೆರೆಯುವುದಿಲ್ಲ. ಹೋದ ವಾರ ಸಂಗೊಳ್ಳಿ ದಾರಿಯಲ್ಲಿ ಎಂಜಿನ್ ಒಮ್ಮೆ ತಡವರಿಸಿತು. ಟಾಕಿಯಲ್ಲಿ ಡೀಸೆಲ್ ತಳ ಕಂಡಿತ್ತು, ಬೇರೇನೂ ಅಲ್ಲ. ಅದು ಗೊತ್ತಿದ್ದೂ ನಾನು ಇಳಿದು ಗಾಡಿಯಿಂದ ದೂರ ಹೋಗಿ, ಎಡಗೈಯನ್ನು ಕಂಕುಳಲ್ಲಿ ಒತ್ತಿಕೊಂಡು ರಸ್ತೆ ಬದಿಗೆ ನಿಂತುಬಿಟ್ಟೆ.